ಸೇಬಿನ ಕಲೆ ಬಿದ್ದ ಚಾಕುವಿನಲ್ಲಿ ಊಟ ಮಾಡಬಹುದೇ?

ಪ್ರಶ್ನೆ: ಹಳೆಯ ಮಾದರಿಯ ಮಡಿಚುವ ಚಾಕುಗಳೆಂದರೆ ನನಗೆ ಬಹಳ ಪ್ರೀತಿ. ಸದ್ಯ ನನ್ನ ಬಳಿ ಮೂರಿವೆ. ಮೊದಲನೆಯದು ಮೂರು ಅಲಗುಗಳ ಸ್ಟಾಕ್‌ಮನ್, ಕಾರ್ಬನ್ ಸ್ಟೀಲಿನದು, ಅಂದರೆ ಸ್ಟೇನ್‌ಲೆಸ್ ಅಲ್ಲದ ಸಾದಾ ಉಕ್ಕಿನದು. ಅದರ ಹಿಡಿ ಮೂಳೆಯದೋ ಹಳೆಯ ಪ್ಲಾಸ್ಟಿಕ್ಕೋ ತಿಳಿಯದು. ಎರಡನೆಯದು ಕಾರ್ಬನ್ ಸ್ಟೀಲಿನ ಫ್ರೆಂಚ್ ಚಾಕು, ಒಪಿನೆಲ್ ನಂಬರ್ 8. ಮೂರನೆಯದು ಬೆಳ್ಳಿಯ ಅಲಗಿನದೆಂದು ಹೇಳಿ ಮಾರಿದ ಪುಟ್ಟ ಹಣ್ಣಿನ ಚಾಕು. ಮನೆಯಲ್ಲೇ ಮಾಡಿದ ಬ್ರೆಡ್, ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಚೀಸ್, ಹಣ್ಣು, ಇಂಥ ಸರಳ ಊಟಕ್ಕೆ ಕುಳಿತಾಗ ಇವುಗಳನ್ನೇ ಬಳಸಬೇಕೆಂಬ ಆಸೆ. ಆದರೆ ಮೊದಲ ಸೇಬಿಗೇ ಸ್ಟಾಕ್‌ಮನ್ ಅಲಗು ನೀಲಿ-ಬೂದು ಬಣ್ಣಕ್ಕೆ ತಿರುಗಿತು, ಹಣ್ಣಿಗೆ ಲೋಹದ ರುಚಿ ಬಂತು. ಮನೆಯವರು ಇದು ತುಕ್ಕು ಎನ್ನುತ್ತಾರೆ. ಕೀಲಿನೊಳಗೆ ಬ್ರೆಡ್ಡಿನ ಪುಡಿಯೂ ಸೇರಿಕೊಳ್ಳುತ್ತಿದೆ. ಇವುಗಳನ್ನು ಬಳಸಲೇ, ಡ್ರಾಯರಿನಲ್ಲೇ ಇಟ್ಟುಬಿಡಲೇ?

ಉತ್ತರ: ಬಳಸಿ. ಧೈರ್ಯವಾಗಿ, ದಿನವೂ ಬಳಸಿ. ಅಲಗಿನ ಮೇಲೆ ಮೂಡಿರುವ ಆ ನೀಲಿ-ಬೂದು ಛಾಯೆಯಿಂದ ನಿಮಗಾಗಲಿ ಚಾಕುವಿಗಾಗಲಿ ಹಾನಿಯಿಲ್ಲ. ಆದರೆ ನಿಮ್ಮ ಮೂರು ಚಾಕುಗಳ ಸ್ವಭಾವ ಮೂರು ಬಗೆಯದು. ಒಂದಕ್ಕೆ ಒಗ್ಗುವ ತಿನಿಸು ಇನ್ನೊಂದಕ್ಕೆ ಒಗ್ಗದು. ಅದನ್ನು ತಿಳಿದುಕೊಂಡರೆ ನಿಮ್ಮ ಆಸೆಯ ಊಟ ಸರಾಗವಾಗಿ ನಡೆಯುತ್ತದೆ.

ಮೊದಲು ಕಲೆಯ ವಿಷಯ. ಸೇಬಿನಲ್ಲಿ ಆಮ್ಲವೂ ಇದೆ, ಟ್ಯಾನಿನ್ ಜಾತಿಯ ಒಗರು ಪದಾರ್ಥಗಳೂ ಇವೆ. ಆಮ್ಲವು ಅಲಗಿನ ಮೇಲ್ಮೈಯಿಂದ ಅತ್ಯಲ್ಪ ಕಬ್ಬಿಣವನ್ನು ಕರಗಿಸುತ್ತದೆ. ಕರಗಿದ ಕಬ್ಬಿಣ ಒಗರಿನೊಂದಿಗೆ ಕೂಡಿ ನೀಲಿಗಪ್ಪು ಬಣ್ಣ ತಾಳುತ್ತದೆ. ಯೂರೋಪಿನಲ್ಲಿ ಶತಮಾನಗಳ ಕಾಲ ಓಕ್ ಮರದ ಗಂಟುಕಾಯಿಗಳ ಟ್ಯಾನಿನ್ ಮತ್ತು ಕಬ್ಬಿಣದ ಲವಣ ಬೆರೆಸಿ ಬರೆಯುವ ಮಸಿ ತಯಾರಿಸುತ್ತಿದ್ದರು. ಆ ಮಸಿಗೆ ಕಪ್ಪು ಬಂದದ್ದೂ ನಿಮ್ಮ ಅಲಗಿಗೆ ನೀಲಿ ಬಂದದ್ದೂ ಒಂದೇ ರಾಸಾಯನಿಕ ಕ್ರಿಯೆಯಿಂದ. ಹೀಗೆ ದಿನದಿನದ ಬಳಕೆಯಲ್ಲಿ ಅಲಗಿನ ಮೇಲೆ ಕೂಡಿಕೊಳ್ಳುವ ತೆಳುವಾದ, ಬಿಗಿಯಾದ ಪದರವನ್ನು ಚಾಕುಪ್ರಿಯರು ಪ್ಯಾಟಿನಾ ಎನ್ನುತ್ತಾರೆ. ಈ ಪದರ ದಟ್ಟವಾದಷ್ಟೂ ಕೆಳಗಿನ ಉಕ್ಕು ಕೆಂಪು ತುಕ್ಕಿಗೆ ಸುಲಭವಾಗಿ ಒಳಗಾಗುವುದಿಲ್ಲ. ಪೂರ್ತಿ ತಡೆಯುತ್ತದೆ ಎಂದಲ್ಲ, ನಿಧಾನಗೊಳಿಸುತ್ತದೆ.

ಕೆಂಪು ತುಕ್ಕು ಬೇರೆಯೇ ವಸ್ತು. ಅದು ಸಡಿಲ, ಪುಡಿಪುಡಿ. ನೀರನ್ನು ಹಿಡಿದಿಟ್ಟುಕೊಂಡು ಉಕ್ಕನ್ನು ಒಳಕ್ಕೆ ಕೊರೆಯುತ್ತಾ ಹೋಗುತ್ತದೆ. ಮನೆಯವರ ಅನುಮಾನ ಪರಿಹರಿಸಲು ಒಂದು ಸುಲಭ ಪರೀಕ್ಷೆ ಇದೆ. ಒಣಗಿದ ಅಲಗನ್ನು ಬಿಳಿ ಬಟ್ಟೆಯಿಂದ ಒತ್ತಿ ಒರೆಸಿ. ಬಟ್ಟೆಗೆ ಕಿತ್ತಳೆ ಅಥವಾ ಕಂದು ಬಣ್ಣ ಹತ್ತಿದರೆ ಅದು ತುಕ್ಕು. ಅತಿ ನಯವಾದ ಉಕ್ಕಿನ ನಾರಿಗೆ ಹನಿ ಎಣ್ಣೆ ಹಾಕಿ ತಿಕ್ಕಿ ತೆಗೆಯಬೇಕು, ಆಮೇಲೆ ಸೋಪು ನೀರಿನಲ್ಲಿ ತೊಳೆಯಬೇಕು. ಬಟ್ಟೆ ಬಿಳಿಯಾಗೇ ಉಳಿದು ಅಲಗಷ್ಟೇ ನೀಲಿಯಾಗಿ, ಬೂದಾಗಿ ಕಂಡರೆ ಅದನ್ನು ಮುಟ್ಟಬೇಡಿ. ಹೊಳಪು ಕೊಡುವ ಪೇಸ್ಟ್ ಹಾಕಿ ಪ್ರತಿ ವಾರವೂ ಅಲಗನ್ನು ಕನ್ನಡಿಯಾಗಿಸುವವರನ್ನು ನೋಡಿದ್ದೇನೆ. ಅವರ ಚಾಕು ಪ್ರತಿ ವಾರವೂ ಮೊದಲ ಸೇಬಿನ ಸ್ಥಿತಿಗೇ ಮರಳುತ್ತದೆ, ಲೋಹದ ರುಚಿಯೂ ಮರಳುತ್ತದೆ.

ರುಚಿಯ ದೂರು ನಿಜವಾದದ್ದೇ. ಹೊಸದಾಗಿ ಬೆತ್ತಲಾದ ಕಾರ್ಬನ್ ಸ್ಟೀಲ್ ಹುಳಿ ಹಣ್ಣಿಗೆ ತನ್ನ ರುಚಿಯನ್ನು ಅಂಟಿಸುತ್ತದೆ, ಕತ್ತರಿಸಿದ ಮುಖವನ್ನೂ ಬೇಗ ಕಪ್ಪಾಗಿಸುತ್ತದೆ. ಪ್ಯಾಟಿನಾ ಬಲಿತಂತೆ ಇದು ಕಡಿಮೆಯಾಗುತ್ತಾ ಬರುತ್ತದೆ. ಅಲ್ಲಿಯವರೆಗೆ ಬೇಯಿಸಿದ ಆಲೂಗಡ್ಡೆ, ಬ್ರೆಡ್, ಸೌತೆಕಾಯಿ, ಹುರಿದ ಮಾಂಸದ ತುಂಡು, ಇಂಥ ಹುಳಿಯಿಲ್ಲದವುಗಳಿಂದ ಶುರುಮಾಡಿ. ಬಿಸಿಯಾಗಿರುವ ಮಾಂಸ ಅಲಗಿನ ಮೇಲೆ ನವಿಲುಗರಿಯಂಥ ನೀಲಿಯನ್ನು ಬಿಡುತ್ತದೆ. ಅದನ್ನು ಮೊದಲ ಬಾರಿ ಕಂಡವರು ಸಾಮಾನ್ಯವಾಗಿ ಚಾಕುವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಲೇ ಇರುತ್ತಾರೆ. ಸಾಸಿವೆ ಪೇಸ್ಟ್ ಅಥವಾ ವಿನೆಗರ್ ಸವರಿ ಒಂದೇ ರಾತ್ರಿಯಲ್ಲಿ ಪ್ಯಾಟಿನಾ ಬರಿಸುವ ಪದ್ಧತಿಯೂ ಇದೆ. ನನಗೆ ಅದು ಹಿಡಿಸುವುದಿಲ್ಲ. ಊಟದಿಂದ ಊಟಕ್ಕೆ ತಾನಾಗಿ ಮೂಡುವ ಬಣ್ಣದಲ್ಲಿ ಆ ಮನೆಯ ಊಟವೇ ಇರುತ್ತದೆ, ಅದನ್ನು ಅವಸರಪಡಿಸುವುದೇಕೆ?

ಹಾಗೆ ನೋಡಿದರೆ, ಮಡಿಚುವ ಚಾಕುವಿಗೂ ಊಟಕ್ಕೂ ಇರುವ ನಂಟು ಬಹಳ ಹಳೆಯದು. ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಶ. 3ನೇ ಶತಮಾನದ ರೋಮನ್ ಸಲಕರಣೆಯೊಂದಿದೆ. ಬೆಳ್ಳಿಯ ಆ ಒಂದೇ ಹಿಡಿಯಲ್ಲಿ ಚಮಚ, ಫೋರ್ಕ್, ಕಬ್ಬಿಣದ ಅಲಗು ಎಲ್ಲವೂ ಇವೆ. ಸ್ವಿಸ್ ಚಾಕು ತಯಾರಕ ಕಾರ್ಲ್ ಎಲ್ಸೆನರ್ ಅವರ ಕಾರ್ಯಾಗಾರ 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಒದಗಿಸಿದ ಸೈನಿಕರ ಚಾಕುವಿನಲ್ಲಿ ಬಂದೂಕು ಬಿಚ್ಚುವ ಸ್ಕ್ರೂಡ್ರೈವರ್ ಜೊತೆಗೆ ಡಬ್ಬಿಯಲ್ಲಿಟ್ಟ ಆಹಾರವನ್ನು ತೆರೆಯುವ ಉಪಕರಣವೂ ಇತ್ತು. ಫ್ರಾನ್ಸಿನ ಲಾಗಿಯೋಲ್ ಚಾಕುವಿಗೆ 1880ರಲ್ಲಿ ಸೇರಿದ್ದು ವೈನ್ ಬಾಟಲಿಯ ಬಿರಡೆ ತೆಗೆಯುವ ಸುರುಳಿ. ಇವೆಲ್ಲ ಜೇಬಿನಿಂದ ನೇರವಾಗಿ ಊಟಕ್ಕೆ ಬರಲೆಂದು ರೂಪುಗೊಂಡವು. ನೀವು ಮಾಡಹೊರಟಿರುವುದು ಹೊಸ ಸಾಹಸವೇನಲ್ಲ.

ನಿಮ್ಮ ಸ್ಟಾಕ್‌ಮನ್ ಮಾತ್ರ ಬೇರೆ ಕಡೆಯಿಂದ ಬಂದದ್ದು. ಅದು ಅಮೆರಿಕದ ದನಗಾಹಿಗಳಿಗೆಂದು ರೂಪುಗೊಂಡ ಮಾದರಿ. ಆದರೂ ಆ ಮೂರು ಅಲಗುಗಳನ್ನು ಊಟದ ಕಣ್ಣಿನಿಂದ ನೋಡಿದರೆ ಖುಷಿಯಾಗುತ್ತದೆ. ಉದ್ದನೆಯ, ಮೊನೆ ಚೂಪಾದ ಕ್ಲಿಪ್ ಅಲಗು ಹಣ್ಣಿಗೆ ಹೇಳಿ ಮಾಡಿಸಿದ್ದು. ಸೇಬಿನ ಬೀಜದ ಗೂಡನ್ನು ಅದರ ಮೊನೆಯಿಂದ ಅಚ್ಚುಕಟ್ಟಾಗಿ ತೆಗೆಯಬಹುದು. ಬಾಯಿ ನೇರವಾಗಿದ್ದು ಬೆನ್ನು ಬಾಗಿದ ಶೀಪ್ಸ್‌ಫುಟ್ ಅಲಗಿನ ಇಡೀ ಬಾಯಿ ಒಮ್ಮೆಗೇ ಹಲಗೆಯನ್ನು ಮುಟ್ಟುತ್ತದೆ. ಆದ್ದರಿಂದ ಸೌತೆಕಾಯಿ, ಈರುಳ್ಳಿ, ಗಿಡಮೂಲಿಕೆ ಸೊಪ್ಪು ಹೆಚ್ಚಲು ಅದೇ ಸರಿ. ಮೂರನೆಯದು ಸ್ಪೇ. ಅದರ ಮೊನೆ ಮೊಂಡಾಗಿರುವುದಕ್ಕೆ ಕಾರಣವಿದೆ. ಜಾನುವಾರುಗಳ ಶಸ್ತ್ರಕ್ರಿಯೆಯಲ್ಲಿ ಮೊನೆ ಎಲ್ಲೆಂದರಲ್ಲಿ ಚುಚ್ಚಬಾರದೆಂದು ಹಾಗೆ ಮಾಡಿದರು. ಅದೇ ಕಾರಣಕ್ಕೆ ಬೆಣ್ಣೆ ಸವರುವಾಗ ಅದು ಬ್ರೆಡ್ಡಿನ ಮೆತ್ತನೆಯ ತಿರುಳನ್ನು ಹರಿಯುವುದಿಲ್ಲ. ಚಾಕು ಸೆಕೆಂಡ್ ಹ್ಯಾಂಡ್ ಆಗಿದ್ದರೆ ಹಿಂದೆ ಅದು ಏನನ್ನು ಕತ್ತರಿಸಿತ್ತೋ ತಿಳಿಯದು. ಆಹಾರಕ್ಕೆ ಮುಟ್ಟಿಸುವ ಮೊದಲು ಬಿಸಿ ಸೋಪು ನೀರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಿರಿ.

ಇನ್ನು ತಿನಿಸುಗಳ ಕಡೆಗೆ ಬರೋಣ. ಈ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ: ಮಡಿಚುವ ಚಾಕು ಅಡುಗೆಯ ಚಾಕುವಲ್ಲ, ಊಟದ ಚಾಕು. ಬೇಯುವ ಮುಂಚಿನ ಕೆಲಸವನ್ನು ಅಡುಗೆಮನೆಯ ದೊಡ್ಡ ಚಾಕುವಿಗೆ ಬಿಡಿ. ಹಸಿ ಮಾಂಸ, ಹಸಿ ಮೀನಿಗಂತೂ ಇದನ್ನು ಮುಟ್ಟಿಸಲೇಬಾರದು. ಅವುಗಳ ರಸ ಕೀಲಿನೊಳಗೆ ಇಳಿದರೆ ನಿಮ್ಮ ಬ್ರಶ್ ತಲುಪದ ಜಾಗದಲ್ಲಿ ಕೊಳೆಯುತ್ತದೆ. ಬೆಂದು, ಸುಟ್ಟು, ಮಾಗಿ, ಇನ್ನು ಒಂದು ಕೊಯ್ತ ಬಿದ್ದರೆ ತಿನ್ನಬಹುದು ಎಂಬ ಹಂತದಲ್ಲಿರುವ ಆಹಾರವೇ ಈ ಚಾಕುವಿಗೆ ತಕ್ಕದ್ದು. ಸರಳ ಊಟದೊಂದಿಗೆ ಇದು ಇಷ್ಟು ಚೆನ್ನಾಗಿ ಹೊಂದುವುದು ಅದರಿಂದಲೇ. ನೀವು ಪಟ್ಟಿ ಮಾಡಿದ ತಿನಿಸುಗಳಲ್ಲಿ ಒಂದೂ ತಪ್ಪಿಲ್ಲ.

ಬ್ರೆಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೆಚ್ಚಿನವರು ನಿರಾಶರಾಗುವುದು ಅಲ್ಲೇ. ಒಪಿನೆಲ್ ನಂಬರ್ 8ರ ಅಲಗು 8.5 ಸೆಂಟಿಮೀಟರ್ ಉದ್ದ. ಅಗಲವಾದ ಬ್ರೆಡ್ಡನ್ನು ಅದರಿಂದ ಒಂದೇ ಎಳೆತಕ್ಕೆ ಹೋಳು ಮಾಡಲಾಗದು. ಸುತ್ತಲೂ ತಿರುಗಿಸುತ್ತಾ ಕೊಯ್ದರೆ ಹೋಳು ಸೊಟ್ಟಗಾಗುತ್ತದೆ. ಆದ್ದರಿಂದ ಬ್ರೆಡ್ಡನ್ನೇ ಚಾಕುವಿನ ಅಳತೆಗೆ ತನ್ನಿ. ಅದೇ ಹಿಟ್ಟಿನಿಂದ ಮುಷ್ಟಿಗಾತ್ರದ ಬನ್ನುಗಳನ್ನೋ ತೆಳ್ಳಗೆ ಉದ್ದವಾದ ಬ್ರೆಡ್ಡನ್ನೋ ಮಾಡಿ. ಒಲೆಯಿಂದ ತೆಗೆದ ಕೂಡಲೇ ಕೊಯ್ಯಬೇಡಿ. ತಿರುಳು ತಣಿದು ಗಟ್ಟಿಯಾಗುವ ಮೊದಲು ಎಂಥ ಹರಿತವಾದ ಚಾಕುವೂ ಅದನ್ನು ಮುದ್ದೆ ಮಾಡುತ್ತದೆ. ಆಮೇಲೆ ಅಲಗಿನ ಬುಡವನ್ನು ಗಟ್ಟಿ ಹೊರಪದರದ ಮೇಲಿಟ್ಟು, ಹೆಚ್ಚು ಒತ್ತದೆ, ಮೊನೆಯವರೆಗೂ ಎಳೆಯಿರಿ. ಕೊಯ್ಯುವುದರಲ್ಲಿ ಎಳೆತವೇ ಮುಖ್ಯ. ನೇರವಾಗಿ ಒತ್ತಲು ಬೇಕಾದ ಬಲಕ್ಕಿಂತ ಎಳೆದು ಕೊಯ್ಯಲು ಬೇಕಾದ ಬಲ ಬಹಳ ಕಡಿಮೆ. ಮಾಗಿದ ಟೊಮೆಟೊ ಒತ್ತಿದರೆ ಒಡೆದು ರಸ ಸೋರಿಸುತ್ತದೆ, ಎಳೆದರೆ ಬಿಚ್ಚಿಕೊಳ್ಳುತ್ತದೆ.

ಚೀಸ್ ಮತ್ತು ಬೇಯಿಸಿದ ಆಲೂಗಡ್ಡೆ ಅಗಲವಾದ ಅಲಗಿಗೆ ಅಂಟುತ್ತವೆ. ಆಲೂಗಡ್ಡೆಗೆ ಅಲಗನ್ನು ಒಮ್ಮೆ ನೀರಿನಲ್ಲಿ ಅದ್ದಿಕೊಂಡರೆ ಸಾಕು. ಚೀಸಿಗೆ ಸ್ಟಾಕ್‌ಮನ್‌ನ ಅಲಗುಗಳಲ್ಲಿ ಅತ್ಯಂತ ಕಿರಿದಾದದ್ದನ್ನು ಆರಿಸಿ. ಅಂಟಲು ಜಾಗ ಕಡಿಮೆಯಿದ್ದಷ್ಟೂ ಹೋಳು ಸಲೀಸಾಗಿ ಬರುತ್ತದೆ. ಸೇಬು, ಕ್ಯಾರೆಟ್‌ನಂಥ ಗಟ್ಟಿ ವಸ್ತುಗಳಲ್ಲಿ ಅಲಗಿನ ದಪ್ಪ ಲೆಕ್ಕಕ್ಕೆ ಬರುತ್ತದೆ. ಬೆನ್ನು ದಪ್ಪವಿರುವ ಅಲಗು ಬೆಣೆಯಾಗಿ ವರ್ತಿಸಿ, ಹಣ್ಣನ್ನು ಕೊಯ್ಯುವ ಮೊದಲೇ ಸೀಳಿಬಿಡುತ್ತದೆ. ಇಂಥ ಕಡೆ ಒಪಿನೆಲ್ ಗೆಲ್ಲುತ್ತದೆ. ಅದರ ಅಲಗು ತೆಳು, ಬಾಯಿಯತ್ತ ಇನ್ನೂ ತೆಳು. ನಿಂಬೆ, ಕಿತ್ತಳೆಗಳನ್ನು ಊಟದ ಕೊನೆಗಿಟ್ಟುಕೊಳ್ಳಿ, ಕೊಯ್ದ ತಕ್ಷಣ ಅಲಗನ್ನು ಒರೆಸಿ. ಐದು ನಿಮಿಷ ಹುಳಿ ರಸದಲ್ಲಿ ಬಿಟ್ಟರೂ ಕಾರ್ಬನ್ ಸ್ಟೀಲಿನ ನಯವಾದ ಬಾಯಿ ಮಂಕಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ: ಪಿಂಗಾಣಿ ತಟ್ಟೆಯ ಮೇಲೆ ಕೊಯ್ಯಬೇಡಿ. ಪಿಂಗಾಣಿಯ ಹೊಳಪಿನ ಲೇಪ ಚಾಕುವಿನ ಉಕ್ಕಿಗಿಂತ ಗಟ್ಟಿ. ಊಟದ ತಟ್ಟೆಯಲ್ಲೇ ನಾಲ್ಕು ಬಾರಿ ಎಳೆದರೆ ಬಾಯಿ ಮಡಿಚಿಕೊಂಡು ಮೊಂಡಾಗುತ್ತದೆ. ಊಟವನ್ನೇ ಒಂದು ಪುಟ್ಟ ಮರದ ಹಲಗೆಯ ಮೇಲೆ ಬಡಿಸಿಕೊಳ್ಳಿ. ಅಂಥ ಹಲಗೆಯ ಮೇಲೆ ಬನ್ನು, ಚೀಸ್, ಅರ್ಧ ಸೇಬು, ಬಿಚ್ಚಿದ ಚಾಕು ಇಟ್ಟು ನೋಡಿ. ಈ ಹವ್ಯಾಸದಲ್ಲಿ ಕಣ್ಣಿಗೂ ಪಾಲಿದೆ.

ಸಾಣೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಮೊಂಡು ಚಾಕುವಿನಿಂದ ಯಾರೂ ಊಟವನ್ನು ಆನಂದಿಸಲಾರರು. ಸಾವಿರ ಗ್ರಿಟ್‌ನ (ಗ್ರಿಟ್ ಎಂದರೆ ಕಲ್ಲಿನ ನಯದ ಅಳತೆ) ಸಾಣೆಕಲ್ಲು ಒಂದಿದ್ದರೆ ಸಾಕು. ಪ್ರತಿ ಬದಿಗೂ 15ರಿಂದ 20 ಡಿಗ್ರಿ ಕೋನ ಹಿಡಿದು ಮಸೆಯಿರಿ, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಕೆಲವು ಸಲ ಎಳೆಯಿರಿ. ಕನ್ನಡಿಯಂತೆ ನುಣುಪಾಗುವವರೆಗೆ ಮಸೆಯಬೇಕೆಂಬ ಹಂಬಲ ಅನೇಕರಿಗಿರುತ್ತದೆ. ಊಟದ ಚಾಕುವಿಗೆ ಅದು ಬೇಡ. ಸಾವಿರ ಗ್ರಿಟ್ ಕಲ್ಲು ಬಾಯಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳನ್ನು ಉಳಿಸುತ್ತದೆ. ಬ್ರೆಡ್ಡಿನ ಗಟ್ಟಿ ಪದರವನ್ನೂ ಟೊಮೆಟೊ ಸಿಪ್ಪೆಯನ್ನೂ ಕಚ್ಚಿ ಹಿಡಿಯುವುದು ಆ ಹಲ್ಲುಗಳೇ. ಅತಿ ನುಣುಪಾದ ಬಾಯಿ ಅವುಗಳ ಮೇಲೆ ಜಾರುತ್ತದೆ.

ಸ್ಟಾಕ್‌ಮನ್‌ನಲ್ಲಿ ಅಲಗನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಡುವುದು ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಸ್ಪ್ರಿಂಗ್ ಪಟ್ಟಿ ಮಾತ್ರ, ಬೀಗವಿಲ್ಲ. ಬಲವೆಲ್ಲ ಅಲಗಿನ ಬಾಯಿಯ ದಿಕ್ಕಿನಲ್ಲೇ ಬೀಳಬೇಕು. ಮೊನೆಯಿಂದ ಚುಚ್ಚಿದರೆ, ಗಟ್ಟಿ ಚೀಸಿನಲ್ಲಿ ಸಿಕ್ಕಿಬಿದ್ದ ಅಲಗನ್ನು ಅಲ್ಲಾಡಿಸಿ ಕಿತ್ತರೆ, ಅಲಗು ಬೆರಳಿನ ಮೇಲೆ ಮಡಿಚಿಕೊಳ್ಳಬಹುದು. ಮಾವಿನಂಥ ಹಣ್ಣಿನ ಗೊರಟು, ಎಲುಬು, ಫ್ರೀಜರಿನಿಂದ ತೆಗೆದ ತಿನಿಸು, ಗಟ್ಟಿ ಕುಂಬಳಕಾಯಿ ಇವುಗಳಿಂದ ದೂರವಿಡಿ. ಬ್ರೆಡ್ಡನ್ನು ಒಂದು ಕೈಯಲ್ಲಿ ಹಿಡಿದು ಹೆಬ್ಬೆರಳಿನತ್ತ ಕೊಯ್ಯುವವರನ್ನು ನೋಡಿ ಹಾಗೇ ಮಾಡಬೇಕೆಂದು ಆಸೆಯಾಗಬಹುದು. ಅದು ವರ್ಷಗಳ ರೂಢಿಯಿಂದ ಬಂದ ಕೈ. ನೀವು ಸದ್ಯಕ್ಕೆ ಹಲಗೆಯ ಮೇಲೇ ಕೊಯ್ಯಿರಿ. ಒಪಿನೆಲ್‌ನಲ್ಲಿ ಬೀಗದ ಬಳೆ ಇದೆ. ಜೋಸೆಫ್ ಒಪಿನೆಲ್ 1890ರಲ್ಲಿ ಫ್ರಾನ್ಸಿನ ಸವೊಯ್ ಪ್ರದೇಶದಲ್ಲಿ ಈ ಚಾಕುವನ್ನು ರೂಪಿಸಿದಾಗ ಅದು ಇರಲಿಲ್ಲ, 1955ರಲ್ಲಿ ಬಂತು. ಅಲಗು ತೆರೆದ ಮೇಲೆ ಬಳೆ ತಿರುಗಿಸುವುದನ್ನು ಮರೆಯಬೇಡಿ.

ಶುಚಿತ್ವದ ಪ್ರಶ್ನೆಗೆ ಉತ್ತರ ಸರಳ: ಊಟ ಮುಗಿದ ಕೂಡಲೇ ತೊಳೆಯಬೇಕು, ಆಮೇಲೆ ನೋಡೋಣ ಎನ್ನಬಾರದು. ಸ್ಟಾಕ್‌ಮನ್‌ನ ಮೂರೂ ಅಲಗುಗಳನ್ನು ತೆರೆದು, ಬೆಚ್ಚಗಿನ ಸೋಪು ನೀರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹಿಡಿಯ ಒಳಗಿನ ಸಂದನ್ನು ತಿಕ್ಕಿ. ಬ್ರೆಡ್ಡಿನ ಪುಡಿ ಕೂರುವುದು ಆ ಸಂದಿನ ತಳದಲ್ಲಿ. ಒಣಗಿದ್ದಾಗಲೇ ಅದನ್ನು ಮರದ ಹಲ್ಲುಕಡ್ಡಿಯಿಂದ ಕೆದಕಿ ಉದುರಿಸಿದರೆ ಅರ್ಧ ಕೆಲಸ ಮುಗಿದಂತೆ, ಒದ್ದೆಯಾದರೆ ಅಂಟಾಗುತ್ತದೆ. ಒಳಗಿನ ಹಿತ್ತಾಳೆಯ ಪಟ್ಟಿಯ ಮೇಲೆ ಹಸಿರು ಕಿಲುಬು ಕಂಡರೆ ಬಿಡದೆ ತೆಗೆಯಿರಿ, ಅದು ತಾಮ್ರದ ಲವಣ, ಆಹಾರಕ್ಕೆ ಸೇರಬಾರದು. ತೊಳೆದ ಮೇಲೆ ಬಟ್ಟೆಯಿಂದ ಒರೆಸಿ, ಅಲಗುಗಳನ್ನು ಅರ್ಧ ತೆರೆದಂತೆಯೇ ಇಟ್ಟು ಪೂರ್ತಿ ಆರಲು ಬಿಡಿ. ಕಾರ್ಬನ್ ಸ್ಟೀಲಿನ ಚಾಕುಗಳು ಹಾಳಾಗುವುದು ಕತ್ತರಿಸುವುದರಿಂದಲ್ಲ, ಒದ್ದೆಯಾಗಿ ಮಡಿಚಿಡುವುದರಿಂದ. ಕೊನೆಗೆ ಕೀಲಿಗೆ ಆಹಾರ ದರ್ಜೆಯ ಮಿನರಲ್ ಆಯಿಲ್ ಒಂದೇ ಹನಿ. ಅಡುಗೆ ಎಣ್ಣೆ ಬೇಡ. ಅದು ದಿನ ಕಳೆದಂತೆ ಕಮಟಿ, ಅಂಟಾಗಿ ಕೀಲನ್ನೇ ಹಿಡಿದುಬಿಡುತ್ತದೆ.

ಒಪಿನೆಲ್‌ಗೆ ನೀರು ತಾಗುವುದು ಇನ್ನೂ ಕಡಿಮೆಯಿರಲಿ. ಅದರ ಹಿಡಿ ಬೀಚ್ ಮರದ್ದು, ನೀರು ಕುಡಿದರೆ ಉಬ್ಬಿ ಅಲಗನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಅಲಗನ್ನಷ್ಟೇ ತೊಳೆದು ಒರೆಸಿ. ಹಾಗೂ ಬಿಗಿದುಕೊಂಡರೆ ಗಾಬರಿಯಾಗಬೇಡಿ, ಬಿಸಿಲಿಗೂ ಇಡಬೇಡಿ, ನೆರಳಿನಲ್ಲಿ ಆರಿದರೆ ಸಡಿಲವಾಗುತ್ತದೆ. ತೆರೆಯಲೇಬೇಕಿದ್ದರೆ ಸವೊಯ್‌ನವರ ಉಪಾಯವೊಂದಿದೆ: ಬಳೆ ಸಡಿಲಿಸಿ, ಹಿಡಿಯ ಹಿಂತುದಿಯನ್ನು ಮರದ ಮೇಜಿಗೆ ತಟ್ಟಿದರೆ ಅಲಗಿನ ಮೊನೆಯ ಭಾಗ ಹೊರಗೆ ಇಣುಕುತ್ತದೆ. ಯಾವ ಚಾಕುವನ್ನೂ ಡಿಶ್‌ವಾಶರಿಗೆ ಹಾಕಬೇಡಿ.

ನಿಮ್ಮ ಹಣ್ಣಿನ ಚಾಕುವಿಗೆ ಬರುತ್ತೇನೆ. ಓದುತ್ತಿದ್ದಂತೆಯೇ ನನ್ನ ಕುತೂಹಲ ಕೆರಳಿದ್ದು ಅದರಿಂದ. ನೀವು ಸೇಬಿನಲ್ಲಿ ಕಂಡ ಲೋಹದ ರುಚಿಯ ತೊಂದರೆ 18, 19ನೇ ಶತಮಾನದವರಿಗೂ ಇತ್ತು. ಅದಕ್ಕೆ ಅವರು ಕಂಡುಕೊಂಡ ಪರಿಹಾರವೇ ಬೆಳ್ಳಿಯ ಅಲಗು; ಹಣ್ಣಿನ ಆಮ್ಲ ಬೆಳ್ಳಿಯನ್ನು ಕರಗಿಸುವುದಿಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮುತ್ತಿನ ಚಿಪ್ಪಿನ ಹಿಡಿಯ, ಬೆಳ್ಳಿ ಅಲಗಿನ ಇಂಥ ಮಡಿಚುವ ಚಾಕುಗಳು ಹೇರಳವಾಗಿ ತಯಾರಾದವು. ಅದೇ ಊರಿನಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಕ್ರೋಮಿಯಂ ಉಕ್ಕನ್ನು ತಯಾರಿಸಿದರು. ಅವರು ಹುಡುಕುತ್ತಿದ್ದದ್ದು ಬೇಗ ಸವೆಯದ ಬಂದೂಕಿನ ನಳಿಗೆಗೆ ತಕ್ಕ ಲೋಹವನ್ನು. ಸಿಕ್ಕಿದ್ದು ಊಟದ ಮೇಜನ್ನೇ ಬದಲಿಸಿದ ಸ್ಟೇನ್‌ಲೆಸ್ ಸ್ಟೀಲ್. ಅದು ಬಳಕೆಗೆ ಬಂದ ಮೇಲೆ ಬೆಳ್ಳಿಯ ಹಣ್ಣಿನ ಚಾಕುವಿಗೆ ಕೆಲಸ ಉಳಿಯಲಿಲ್ಲ.

ನಿಮ್ಮದು ನಿಜವಾದ ಬೆಳ್ಳಿಯೇ ಎಂದು ನೋಡಲು ಅಲಗಿನ ಬುಡದಲ್ಲಿ ಭೂತಗನ್ನಡಿ ಹಿಡಿಯಿರಿ. ನಡೆಯುತ್ತಿರುವ ಸಿಂಹದ ಮುದ್ರೆಯಿದ್ದರೆ ಅದು ಶೇಕಡಾ 92.5 ಬೆಳ್ಳಿಯಿರುವ ಇಂಗ್ಲಿಷ್ ಸ್ಟರ್ಲಿಂಗ್. ಪಕ್ಕದಲ್ಲಿ ಕಿರೀಟವಿದ್ದರೆ ಶೆಫೀಲ್ಡ್‌ನಲ್ಲಿ ಪರೀಕ್ಷೆಯಾದದ್ದು, ಇನ್ನೊಂದು ಅಕ್ಷರ ವರ್ಷವನ್ನು ಹೇಳುತ್ತದೆ. ‘ಇ.ಪಿ.ಎನ್.ಎಸ್.’ (EPNS) ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಬೆಳ್ಳಿಯ ಲೇಪ ಮಾತ್ರ. ಎರಡರಿಂದಲೂ ಹಣ್ಣು ಕೊಯ್ಯಬಹುದು. ಲೇಪ ಎದ್ದುಹೋಗಿದ್ದರೆ ಮಾತ್ರ ಬೇಡ, ಕೆಳಗಿರುವುದು ತಾಮ್ರದ ಮಿಶ್ರಲೋಹ. ಬೆಳ್ಳಿ ಮೆದು ಲೋಹವಾದ್ದರಿಂದ ಉಕ್ಕಿನ ಹರಿತ ಅದಕ್ಕೆ ಬರುವುದಿಲ್ಲ, ಬರಿಸಲು ಕಲ್ಲಿಗೆ ಉಜ್ಜಲೂಬೇಡಿ. ಮಾಗಿದ ಪೇರು, ಪೀಚ್, ಬಾಳೆ, ಸಿಪ್ಪೆ ತೆಗೆದ ಕಿತ್ತಳೆಗೆ ಅದರಲ್ಲಿರುವ ಹರಿತವೇ ಸಾಕು. ಮೊಟ್ಟೆ ಮತ್ತು ಈರುಳ್ಳಿಯನ್ನು ಅದರ ಹತ್ತಿರ ತರಬೇಡಿ. ಅವುಗಳ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ನಿಮ್ಮ ಬೇಯಿಸಿದ ಮೊಟ್ಟೆಗೆ ಒಪಿನೆಲ್ ಇದೆಯಲ್ಲ.

ಇಡುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ಸ್ಟಾಕ್‌ಮನ್ ಹಿಡಿ ಮೂಳೆಯೋ ಪ್ಲಾಸ್ಟಿಕ್ಕೋ ತಿಳಿಯದು ಎಂದಿದ್ದೀರಿ. ಹಳೆಯ ಚಾಕುಗಳ ಬಣ್ಣಬಣ್ಣದ ಹಿಡಿಗಳು ಎಷ್ಟೋ ಸಲ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ ಆಗಿರುತ್ತವೆ. ಸೆಲ್ಯುಲಾಯ್ಡ್ ಹಳತಾದಾಗ ಕೊಳೆಯಲು ಶುರುವಾಗಿ ಆಮ್ಲದ ಆವಿ ಬಿಡುತ್ತದೆ. ಮುಚ್ಚಿದ ಡ್ರಾಯರಿನಲ್ಲಿ ಆ ಆವಿ ತನ್ನ ಅಲಗನ್ನಷ್ಟೇ ಅಲ್ಲ, ಪಕ್ಕದ ಚಾಕುಗಳನ್ನೂ ತುಕ್ಕು ಹಿಡಿಸುತ್ತದೆ. ಮೂಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಕಪ್ಪು ಚುಕ್ಕೆಗಳು, ಗೀಟುಗಳು ಕಾಣುತ್ತವೆ. ಅವು ರಕ್ತನಾಳಗಳು ಹಾದುಹೋದ ರಂಧ್ರಗಳು. ಅವು ಕಾಣದೆ, ಹಿಡಿಯಲ್ಲಿ ಬಿರುಕು ಕಂಡರೆ, ಕರ್ಪೂರದ ಅಥವಾ ಹುಳಿ ವಾಸನೆ ಬಂದರೆ ಆ ಚಾಕುವನ್ನು ಬೇರೆಯಾಗಿ, ಗಾಳಿಯಾಡುವ ಕಡೆ ಇಡಿ. ಬೆಂಕಿಯಿಂದಲೂ ದೂರವಿಡಿ, ಸೆಲ್ಯುಲಾಯ್ಡ್ ಬಹುಬೇಗ ಹೊತ್ತಿಕೊಳ್ಳುತ್ತದೆ. ಅದು ಕೊಳೆಯುತ್ತಿರುವ ಗುರುತು ಕಂಡರೆ ಊಟಕ್ಕೂ ಬೇಡ. ಹಾಗೆಯೇ, ಯಾವ ಚಾಕುವನ್ನೂ ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಬಿಡಬೇಡಿ. ಚರ್ಮ ತೇವ ಹಿಡಿಯುತ್ತದೆ.

ಊಟ ಕಟ್ಟಿಕೊಂಡು ಹೊರಗೆ ಹೋಗುವಾಗ ಚಾಕುವನ್ನೂ ಒಯ್ಯಬೇಕೆನಿಸಿದರೆ ಅಲ್ಲಿನ ಕಾನೂನನ್ನು ಮೊದಲು ನೋಡಿಕೊಳ್ಳಿ, ದೇಶದಿಂದ ದೇಶಕ್ಕೆ ಅದು ಬಹಳ ಬೇರೆ. ಉದಾಹರಣೆಗೆ ಬ್ರಿಟನ್ನಿನಲ್ಲಿ ಬೀಗವಿಲ್ಲದ, ಬಾಯಿ 3 ಇಂಚು ಮೀರದ ಮಡಿಚುವ ಚಾಕುವನ್ನು ಸಾರ್ವಜನಿಕ ಸ್ಥಳದಲ್ಲಿ ಕಾರಣ ಹೇಳದೆ ಒಯ್ಯಬಹುದು. ನಿಮ್ಮ ಒಪಿನೆಲ್ ನಂಬರ್ 8 ಬಳೆಯ ಬೀಗದಿಂದಲೂ ಉದ್ದದಿಂದಲೂ ಆ ವಿನಾಯಿತಿಯ ಹೊರಗೆ ಬೀಳುತ್ತದೆ. ವಿಮಾನದಲ್ಲಾದರೆ ಚಾಕುಗಳನ್ನು ಕೈಚೀಲದಲ್ಲಿಡದೆ ಲಗೇಜಿಗೆ ಹಾಕಿ.